ತೋಟದ ಮಂಗಕ್ಕೆ ಲ್ಯಾಬ್ ದಾರಿಯಲ್ಲ

ಮಾನ್ಯ ಸಂಪಾದಕರೇ,

ಮಿದುಳಿನ ಸಂಶೋಧನೆಗೆ ಮಾರ್ಮೊಸೆಟ್ ಎಂಬ ಪುಟ್ಟ ಮಂಗಗಳನ್ನು ಬಳಸುವ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದ್ದೆ. ಅದಕ್ಕೆ ನಮ್ಮ ಕಡೆಯವರೇ ಒಬ್ಬರು ಬರೆದ ಪತ್ರವನ್ನೂ ಓದಿದೆ. ಮಲೆನಾಡಿನಲ್ಲಿ ಬೇಕಾದಷ್ಟು ಮಂಗಗಳಿವೆ, ಹಿಡಿದು ಲಾರಿ ತುಂಬಿಸಿ ಬೆಂಗಳೂರಿನ ಲ್ಯಾಬುಗಳಿಗೆ ಕಳಿಸಿದರೆ ತೋಟವೂ ಉಳಿಯಿತು, ವಿಜ್ಞಾನವೂ ಬೆಳೆಯಿತು ಎಂಬುದು ಅವರ ಸಲಹೆ. ನಮ್ಮೂರ ಸೊಸೈಟಿ ಕಟ್ಟೆಯ ಮೇಲೆ ಈ ಮಾತಿಗೆ ಎಲ್ಲರೂ ತಲೆದೂಗಿದ್ದಾರೆಂದು ಕೇಳಿ ಇದನ್ನು ಬರೆಯುತ್ತಿದ್ದೇನೆ.

ಮಂಗಗಳ ಪರ ವಕಾಲತ್ತು ವಹಿಸುವ ಪುಣ್ಯ ಹೊಸನಗರ ತಾಲೂಕಿನ ಅಡಿಕೆ ಬೆಳೆಗಾರರಿಗೆ ಇಲ್ಲ. ಎಳೆ ಅಡಿಕೆಯ ರಸ ಹೀರಿ ಬಿಸಾಡುತ್ತವೆ, ಏಲಕ್ಕಿ ಸುಳಿ ಸೀಳುತ್ತವೆ, ಬಾಳೆಗೊನೆ ಬಲಿಯುವ ದಿನವನ್ನು ನಮಗಿಂತ ಮೊದಲೇ ಲೆಕ್ಕ ಹಾಕಿರುತ್ತವೆ. ಗರ್ನಾಲು ಹೊಡೆದರೆ ಪಕ್ಕದವರ ತೋಟಕ್ಕೆ ದಾಟುತ್ತವೆ, ಅವರು ಹೊಡೆದರೆ ವಾಪಸ್ಸು.

ಪ್ರಾಣಿ ಪ್ರಯೋಗವೇ ಕೂಡದು ಎಂದು ಹೇಳುವ ಬಾಯಿಯೂ ನನಗಿಲ್ಲ. ನಮ್ಮನೆಯವರಿಗೆ ಪಾರ್ಕಿನ್ಸನ್ ಕಾಯಿಲೆ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳದಿದ್ದವರು ಈಗ ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆಯುತ್ತಾರೆ. ಲೆವೊಡೋಪಾ ಮಾತ್ರೆ ನುಂಗಿದ ಮೇಲೆ ಕೈ ಹತೋಟಿಗೆ ಬರುತ್ತದೆ. ಮುಂದಿನ ಮಾತ್ರೆಯ ಹೊತ್ತಾಗುತ್ತಿದ್ದಂತೆ ಹೊಸಿಲ ಬಳಿ ಕಾಲು ಕಿತ್ತಿಡಲಾಗದೆ ನಿಂತುಬಿಡುತ್ತಾರೆ. ಆ ಮಾತ್ರೆಯ ಹಿಂದೆ ಇರುವುದು ಇಲಿ, ಮೊಲಗಳು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್, ರೆಸರ್ಪಿನ್ ಎಂಬ ಔಷಧಿ ಕೊಟ್ಟು ನಿಶ್ಚಲಗೊಳಿಸಿದ ಪ್ರಾಣಿಗಳಿಗೆ ಇದೇ ವಸ್ತುವನ್ನು ಚುಚ್ಚಿ ಎಬ್ಬಿಸಿ ಓಡಾಡಿಸಿದರು.

ಇಲಿಯಿಂದ ಆಗದ ಕೆಲಸವೂ ಇತ್ತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳದಾರಿಯಲ್ಲಿ ತಯಾರಿಸಿದ ಮಾದಕವಸ್ತು ಚುಚ್ಚಿಕೊಂಡ ಕೆಲವರು ಚಿಕ್ಕ ಪ್ರಾಯದಲ್ಲೇ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಿಷ ಇಲಿಗಳನ್ನು ಅಷ್ಟಾಗಿ ಬಾಧಿಸಲಿಲ್ಲ. ಮಂಗಗಳಿಗೆ ಕೊಟ್ಟಾಗ ಮಾತ್ರ ಅದೇ ಬಿಗಿತ, ಅದೇ ನಿಧಾನ. ಅಂಥ ಮಂಗಗಳ ಮಿದುಳಿನಾಳದಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಸಣ್ಣ ಭಾಗವನ್ನು ಕೆಡಿಸಿದರೆ ಚಲನೆ ಮರಳುತ್ತದೆಂದು ಅಮೆರಿಕದ ಮಾಲನ್ ಡಿಲಾಂಗ್ ತಂಡ 1990ರಲ್ಲಿ ತೋರಿಸಿತು. ಆಮೇಲೆ ಫ್ರಾನ್ಸಿನ ಬೆನಬಿದ್ ಅದೇ ಜಾಗಕ್ಕೆ ಸಣ್ಣ ತಂತಿ ಇಳಿಸಿ, ವಿದ್ಯುತ್ ಹಾಯಿಸಿ ರೋಗಿಗಳಿಗೆ ಚಿಕಿತ್ಸೆ ಕೊಟ್ಟರು. ಮಂಗಳೂರಿನ ನರರೋಗ ತಜ್ಞರು ನಮಗೆ ಹೇಳಿರುವ ಆಪರೇಷನ್ ಅದೇ. (ಖರ್ಚು ಕೇಳಿ, ಘಾಟಿ ಹತ್ತುವ ತನಕ ನಾವಿಬ್ಬರೂ ಮಾತೇ ಆಡಲಿಲ್ಲ.) ನಾಳೆ ಒಪ್ಪಿಕೊಂಡರೆ ಆ ಮಂಗಗಳ ಋಣ ನಮ್ಮ ಮನೆಯ ಮೇಲೂ ಬೀಳುತ್ತದೆ.

ಹಾಗಾದರೆ ನಮ್ಮ ಮಂಗಗಳು ಯಾಕಾಗಬಾರದು? ಮಾರ್ಮೊಸೆಟ್ ಈಶಾನ್ಯ ಬ್ರೆಜಿಲ್ಲಿನದು. ನಮ್ಮ ಕಾಡುಪಾಪಕ್ಕಿಂತ ತುಸು ದೊಡ್ಡದು, ತೂಕ 300–400 ಗ್ರಾಂ, ಕಿವಿಯ ಪಕ್ಕ ಬಿಳಿ ಕೂದಲಿನ ಕುಚ್ಚು. ಒಂದೂವರೆ ವರ್ಷದ ಹೊತ್ತಿಗೆ ಪ್ರಾಯಕ್ಕೆ ಬರುತ್ತದೆ, ಹೆಚ್ಚಾಗಿ ಅವಳಿ ಮರಿ ಹಾಕುತ್ತದೆ. ಮಿದುಳಿನ ಮೇಲ್ಭಾಗದಲ್ಲಿ ಮಡಿಕೆಗಳು ಕಡಿಮೆ, ಹಾಗಾಗಿ ಉಪಕರಣವಿಟ್ಟು ನೋಡುವುದು ಸಲೀಸು. ಹೊರಗಿನಿಂದ ಸೇರಿಸಿದ ಜೀನ್ ಇದರ ಮರಿಗೂ ಇಳಿಯುತ್ತದೆಂದು 2009ರಲ್ಲಿ ಜಪಾನಿನವರು ತೋರಿಸಿದರು. 2014ರಲ್ಲಿ ಇದನ್ನೇ ಮುಂದಿಟ್ಟುಕೊಂಡು ಮಿದುಳಿನ ನಕ್ಷೆ ಬಿಡಿಸುವ ದೊಡ್ಡ ಯೋಜನೆಯನ್ನೂ ಶುರು ಮಾಡಿದರು. ಒಂದು ಕೂಗಿದರೆ ಇನ್ನೊಂದು, ಅದು ಮುಗಿಯುವ ತನಕ ಕಾದು ಉತ್ತರಿಸುತ್ತದಂತೆ. ನಮ್ಮ ಗ್ರಾಮಸಭೆಯಲ್ಲಿ ಇಲ್ಲದ ಶಿಸ್ತು.

ಲ್ಯಾಬಿಗೆ ಬೇಕಾದದ್ದು ಹುಟ್ಟಿದ ದಿನ, ಅಪ್ಪ ಅಮ್ಮ, ತಿಂದ ಆಹಾರ, ಬಂದ ಕಾಯಿಲೆ ಎಲ್ಲವೂ ಬರೆದಿಟ್ಟಿರುವ ಪ್ರಾಣಿ. ತೋಟದಲ್ಲಿ ಬೋನಿಗೆ ಬಿದ್ದ ಮಂಗಕ್ಕೆ ಜಾತಕ ಎಲ್ಲಿಂದ ತರೋಣ? ಅದೂ ಶಿವಮೊಗ್ಗ ಜಿಲ್ಲೆಯಿಂದ! ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನ ಜ್ವರ ಹಿಡಿದು ಮಲಗಿ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಹೊಸ ವೈರಸ್ ಪತ್ತೆಯಾದದ್ದು 1957ರಲ್ಲೇ. ಇವತ್ತಿಗೂ ದರಕು (ಒಣ ಎಲೆ) ತರಲು ಹೋಗುವ ಹೆಂಗಸರು ಉಣುಗು ಹತ್ತದಿರಲೆಂದು ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಫೋನ್ ಮಾಡುತ್ತೇವೆ. ಉಣುಗು ಕಚ್ಚಿದ ಮಂಗಗಳನ್ನು ನಾವೇ ಹೊತ್ತು ಊರೂರು ದಾಟಿಸಬೇಕೇ? ಮಕಾಕ್ ಜಾತಿಯ ಮಂಗಗಳಲ್ಲಿ ಬಿ ವೈರಸ್ ಎಂಬುದು ಬೇರೆ ಇರುತ್ತದೆ, ನಮ್ಮ ತೋಟದ ಮಂಗವೂ ಅದೇ ಗುಂಪಿನದು. ಅವಕ್ಕೆ ಹೆಚ್ಚೇನೂ ಆಗುವುದಿಲ್ಲ, ಕಚ್ಚಿಸಿಕೊಂಡ ಮನುಷ್ಯನ ಮಿದುಳಿಗೆ ಏರಿದರೆ ಬದುಕುವುದು ಕಷ್ಟ. ಇನ್ನು ಕರಿಮೂತಿಯ ಮುಸಿಯ. ಅದರದು ಎಲೆ ಅರಗಿಸಿಕೊಳ್ಳಲೆಂದೇ ಇರುವ ಹೊಟ್ಟೆ. ಪಂಜರದಲ್ಲಿ ಸಾಕುವುದೇ ದೊಡ್ಡ ತಾಪತ್ರಯ.

ಕಾಡಿನಿಂದ ಹಿಡಿದು ಕಳಿಸುವ ಯೋಚನೆ ಹೊಸದೇನಲ್ಲ. ಉತ್ತರ ಭಾರತದ ರೀಸಸ್ ಕೋತಿಗಳು ವರ್ಷವರ್ಷವೂ ಸಾವಿರಗಟ್ಟಲೆ ಅಮೆರಿಕಕ್ಕೆ ಹೋಗುತ್ತಿದ್ದವು. ಅವನ್ನು ವಿಕಿರಣದ ಪ್ರಯೋಗಗಳಿಗೂ ಬಳಸಿದರೆಂಬ ಗಲಾಟೆ ಎದ್ದು, 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ರಫ್ತು ನಿಲ್ಲಿಸಿತು. ಹೋದ ಕೋತಿಗಳಿಂದ ಉತ್ತರ ಭಾರತದ ಯಾವ ರೈತನ ಬೆಳೆ ಉಳಿಯಿತೋ ಪತ್ರ ಬರೆದವರೇ ಹೇಳಬೇಕು.

ಲ್ಯಾಬಿನಲ್ಲೇ ಹುಟ್ಟಿದ ಮಾರ್ಮೊಸೆಟ್‌ಗಳ ವಿಷಯಕ್ಕೆ ಬಂದರೆ, ಅದಕ್ಕೂ ನನ್ನದೊಂದು ತಕರಾರಿದೆ. ಇದು ಸಂಸಾರವಂದಿಗ ಪ್ರಾಣಿ. ಮರಿಗಳನ್ನು ಅಪ್ಪ, ಅಣ್ಣ, ಅಕ್ಕ ಎಲ್ಲರೂ ಬೆನ್ನ ಮೇಲೆ ಹೊರುತ್ತವೆ. ಒಂಟಿ ಪಂಜರದಲ್ಲಿಟ್ಟರೆ ಕೊರಗುತ್ತದೆ, ಮತ್ತು ಕೊರಗಿದ ಮಿದುಳನ್ನು ಅಳೆದು ಬರುವ ಲೆಕ್ಕವೂ ಸರಿಯಿರಲಾರದು. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಮಂಗಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಜೊತೆಗೆ ಕೇಂದ್ರ ಸಮಿತಿಯೂ ಒಪ್ಪಬೇಕು. ಒಪ್ಪಿಗೆ ಕೊಟ್ಟದ್ದು ಎಷ್ಟು ಮಂಗಗಳಿಗೆ, ಯಾವ ಕಾಯಿಲೆಗಾಗಿ, ಇಲಿಯಲ್ಲಿ ಅಥವಾ ಜೀವಕೋಶಗಳಲ್ಲಿ ಯಾಕೆ ಆಗಲಿಲ್ಲ, ಪ್ರಯೋಗ ಮುಗಿದ ಮೇಲೆ ಅವು ಎಲ್ಲಿ ಹೋದವು ಎಂಬುದನ್ನು ವರ್ಷಕ್ಕೊಮ್ಮೆ ನಮ್ಮಂಥವರಿಗೆ ತಿಳಿಯುವ ಕನ್ನಡದಲ್ಲಿ ಪ್ರಕಟಿಸಲಿ. ಮಾತ್ರೆ ನುಂಗುವವರ ಮನೆಯವರಿಗೆ ಇದನ್ನು ಕೇಳುವ ಹಕ್ಕಿದೆ ಎಂದುಕೊಂಡಿದ್ದೇನೆ.

ತೋಟದ ಕಾಟಕ್ಕೆ ಕೇಳಬೇಕಾದ್ದನ್ನು ಅರಣ್ಯ ಇಲಾಖೆಯ ಹತ್ತಿರ ಕೇಳೋಣ. ಪೇಟೆಯಲ್ಲಿ ಹಿಡಿದ ಮಂಗಗಳನ್ನು ರಾತ್ರೋರಾತ್ರಿ ನಮ್ಮ ರಸ್ತೆಯ ತಿರುವಿನಲ್ಲಿ ಇಳಿಸಿ ಹೋಗುವುದು ನಿಲ್ಲಬೇಕು. ಅಕೇಶಿಯಾ ಕಡಿದ ಜಾಗದಲ್ಲಿ ಮತ್ತೆ ಅಕೇಶಿಯಾ ಬೇಡ. ಹಲಸು, ಅತ್ತಿ, ನೇರಳೆ, ಹೆಬ್ಬಲಸು ಹಾಕಲಿ. ಬೆಳೆನಷ್ಟಕ್ಕೆ ಪರಿಹಾರವನ್ನೂ ಕೊಡಲಿ. ಅರ್ಜಿ ಬರೆದು ಇಟ್ಟಿದ್ದೇನೆ, ಪತ್ರ ಬರೆದ ಮಹನೀಯರೂ ಸಹಿ ಹಾಕಿದರೆ ಸಂತೋಷ.

— ಒಬ್ಬ ಅಡಿಕೆ ಬೆಳೆಗಾರ್ತಿ, ಹೊಸನಗರ ತಾಲೂಕು