ಶಿಸ್ತು ಮತ್ತು ಮಕ್ಕಳ ಸುರಕ್ಷತೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ, ನಮಸ್ಕಾರ.

ಹೊಡೆದಾಡಿದವರನ್ನು, ಚಾಕುವಿನಂಥದ್ದು ತಂದವರನ್ನು ಮೊದಲ ತಪ್ಪಿಗೇ ಶಾಲೆಯಿಂದ ಹೊರಹಾಕಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಮಗು ಸಂಜೆ ಗಾಯವಿಲ್ಲದೆ ಮನೆ ಸೇರಬೇಕೆಂಬ ನಿಮ್ಮ ಕಳವಳ ನನ್ನದೂ ಹೌದು. ಆದರೆ ಆ ನಿಯಮವನ್ನು ನಾನು ಜಾರಿಗೆ ತರುವುದಿಲ್ಲ.

'ಜೀರೋ ಟಾಲರೆನ್ಸ್' ಎನ್ನುವ ಈ ಪದ್ಧತಿಯನ್ನು ಅಮೆರಿಕದ ಸರ್ಕಾರಿ ಶಾಲೆಗಳು ಅನುಭವಿಸಿ ನೋಡಿವೆ. ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ಹೊರಗಿಡಬೇಕು ಎಂದಿತು ಅಲ್ಲಿನ 1994ರ ಕಾಯ್ದೆ. ಪ್ರಕರಣ ನೋಡಿ ಶಿಕ್ಷೆ ಬದಲಿಸಲು ಅವಕಾಶವನ್ನೂ ಇಟ್ಟಿತ್ತು. ಆದರೂ ಅನೇಕ ಕಡೆ ಅದೇ ಬಿಗಿಯನ್ನು ಸಣ್ಣ ಜಗಳಕ್ಕೆ, ಎದುರುತ್ತರಕ್ಕೆ ಕೂಡ ಹಚ್ಚಿದರು. 2009ರಲ್ಲಿ ಡೆಲವೇರ್ ರಾಜ್ಯದಲ್ಲಿ ಆರು ವರ್ಷದ ಹುಡುಗನೊಬ್ಬ ಊಟಕ್ಕೆಂದು, ಚಮಚ-ಫೋರ್ಕ್-ಚಾಕು ಒಂದರಲ್ಲೇ ಮಡಚುವ ಸಾಧನ ತಂದ. ತಪ್ಪಿತಸ್ಥ ಮಕ್ಕಳ ಪ್ರತ್ಯೇಕ ಶಾಲೆಯಲ್ಲಿ 45 ದಿನ ಇರಬೇಕೆಂದರು! ಸುದ್ದಿ ಹರಡಿದ ಮೇಲೆ ಶಾಲಾ ಮಂಡಳಿ ಪುಟ್ಟ ಮಕ್ಕಳ ಮಟ್ಟಿಗೆ ನಿಯಮ ಸಡಿಲಿಸಿತು. 'ಜೀರೋ ಟಾಲರೆನ್ಸ್' ಪದ್ಧತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವು ಎನ್ನಲು ಆಧಾರವಿಲ್ಲವೆಂದು ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ 2008ರಲ್ಲಿ ಪ್ರಕಟಿಸಿದ ವರದಿ ಹೇಳುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವರದಿ. ಅಲ್ಲಿನ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ, ಶಾಲೆಗಳ ಮೇಲೆ ಅಲ್ಲಿ ಓದುತ್ತಿದ್ದವರೇ ಇಲ್ಲವೇ ಓದಿದ್ದವರೇ ನಡೆಸಿದ 37 ದಾಳಿಗಳನ್ನು ಪರಿಶೀಲಿಸಿ 2002ರಲ್ಲಿ ಹೊರತಂದದ್ದು. ಶೇ. 81ರಷ್ಟು ಪ್ರಕರಣಗಳಲ್ಲಿ ದಾಳಿಯ ಸುಳಿವು ಬೇರೊಬ್ಬರಿಗಾದರೂ ಮೊದಲೇ ಸಿಕ್ಕಿತ್ತು. ಹಾಗೆ ತಿಳಿದವರು ಹೆಚ್ಚಾಗಿ ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು. ಅಂದರೆ ಅಪಾಯದ ಸುದ್ದಿ ಮೊದಲು ಮುಟ್ಟುವುದು ಮಕ್ಕಳಿಗೆ. ತಾನು ಬಾಯಿಬಿಟ್ಟರೆ ಗೆಳೆಯನ ಓದೇ ಮುಗಿದುಹೋಗುತ್ತದೆ ಎಂದು ತಿಳಿದ ಮಗು ಯಾಕೆ ಬಾಯಿಬಿಟ್ಟೀತು?

ಸಡಿಲ ಬಿಡುತ್ತೇನೆ ಎಂದಲ್ಲ. ಆಯುಧ ಕಂಡರೆ ಆ ಕ್ಷಣವೇ ಕಿತ್ತಿಟ್ಟು, ಮಗುವನ್ನು ತರಗತಿಯಿಂದ ಬೇರೆ ಕೂರಿಸಿ, ನಿಮ್ಮನ್ನು ಕರೆಸುತ್ತೇವೆ. ಬೆದರಿಕೆಯ ಮಾತನ್ನು ತಮಾಷೆಯೆಂದು ತಳ್ಳಿಹಾಕುವುದಿಲ್ಲ. ಪೆಟ್ಟು ತಿಂದ ಮಗುವಿನ ರಕ್ಷಣೆಯೇ ಮೊದಲು. ಆದರೆ ಯಾಕೆ ತಂದೆ, ಯಾರ ಹೆದರಿಕೆಗೆ ತಂದೆ ಎಂದು ಕೇಳದೆ ಯಾವ ಶಿಕ್ಷೆಯನ್ನೂ ಬರೆಯುವುದಿಲ್ಲ. ಎಷ್ಟೋ ಸಲ ಚಾಕು ತಂದವನೇ ದಿನವೂ ಏಟು ತಿನ್ನುತ್ತಿದ್ದವನಾಗಿರಬಹುದು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮಗು ಮನೆಯಲ್ಲಿ ಇಂಥ ಸುದ್ದಿ ಹೇಳಿದರೆ "ನಿನಗ್ಯಾಕೆ ಊರ ಉಸಾಬರಿ" ಎನ್ನಬೇಡಿ. ಅಂದೇ ನನಗೆ ತಿಳಿಸಿ. ಹೇಳಿದ ಮಗುವಿನ ಹೆಸರನ್ನು ಬೇರೆ ಮಕ್ಕಳ ಮುಂದೆ ಎತ್ತುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ