ಕಬ್ಬಿಣ ಕೆಟ್ಟಿಲ್ಲ, ಬಡಿಯುವವರಿಲ್ಲ

ಮಾನ್ಯ ಸಂಪಾದಕರೇ,

ನೀರಿಗಾಗಿ ಗುಡ್ಡದಲ್ಲಿ ಸುರಂಗ ತೋಡುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನಕ್ಕೆ ಓದುಗರೊಬ್ಬರು ಪ್ರತಿಕ್ರಿಯಿಸುತ್ತಾ, ಈಗಿನ ಪಿಕ್ಕಾಸು ಮುರಕಲ್ಲಿಗೆ ನಾಲ್ಕು ಏಟು ಹಾಕುವಷ್ಟರಲ್ಲಿ ಮೂತಿ ಸೊಟ್ಟ ಮಾಡುತ್ತದೆ, ಕಬ್ಬಿಣದ ಗುಣವೇ ಹಾಳಾಗಿದೆ ಎಂದಿದ್ದಾರೆ. ಅವರ ದೂರು ಸರಿ, ಹೇಳಿದ ಕಾರಣ ಸರಿಯಲ್ಲ. ಪುಣೆಯಲ್ಲಿ ಉಕ್ಕನ್ನು ಬಡಿದು ಆಕಾರ ಕೊಡುವ ಫೋರ್ಜಿಂಗ್ ಕಾರ್ಖಾನೆಯೊಂದರಲ್ಲಿ ಹ್ಯಾಮರಿನ ಬುಡದಲ್ಲೇ ಅರ್ಧ ಆಯುಷ್ಯ ಕಳೆದು ಈಗ ಊರಿನ ಅಡಿಕೆ ತೋಟಕ್ಕೆ ಮರಳಿರುವ ನನಗೆ ಈ ವಿಷಯದಲ್ಲಿ ಎರಡು ಮಾತು ಹೇಳುವುದಿದೆ.

ಅಂಥದೇ ಒಂದು ಪಿಕ್ಕಾಸು ಮೊನ್ನೆ ನನ್ನ ಮನೆಗೂ ಬಂತು. ಬಣ್ಣ ಕೆರೆದು ನೋಡಿದೆ. ದಪ್ಪ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸಿ, ಹಿಡಿ ಕೂರುವ ಕಣ್ಣಿಗೆ ಪೈಪಿನ ತುಂಡು ವೆಲ್ಡ್ ಮಾಡಿ, ತುದಿಯನ್ನು ಗ್ರೈಂಡರಿಗೆ ಹಿಡಿದು ಚೂಪು ಮಾಡಿದ್ದಾರೆ. ಕಾಯಿಸಿಲ್ಲ, ಬಡಿದಿಲ್ಲ, ಹದ ಕೊಟ್ಟಿಲ್ಲ. ಹದ ಕೊಟ್ಟರೂ ಹಿಡಿಯದು ಎನ್ನಿ. ಅಂಥ ಮೆದು ಉಕ್ಕಿನಲ್ಲಿ ಗಡಸುತನ ಕೊಡುವ ಇಂಗಾಲ ಶೇ. 0.25ಕ್ಕಿಂತ ಕಡಿಮೆ. ಗೇಟಿಗೆ, ಮಾಡಿನ ತೊಲೆಗೆ ಅದು ಒಳ್ಳೆಯ ಉಕ್ಕೇ. ಮುರಕಲ್ಲಿನ ಮುಂದೆ ಮಾತ್ರ ನಿಲ್ಲದು. ನಮ್ಮ ಆಚಾರಿಯವರು ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿಗಾಗಿ ಗುಜರಿ ಅಂಗಡಿ ಅಲೆಯುತ್ತಿದ್ದುದು ಸುಮ್ಮನೆ ಅಲ್ಲ. ಅದರಲ್ಲಿ ಇಂಗಾಲ ಅರ್ಧ ಶೇಕಡಾಕ್ಕಿಂತ ಹೆಚ್ಚು.

ಅವರು ಅದನ್ನು ಗೆರಟೆ ಇದ್ದಿಲಿನಲ್ಲಿ ಹಳದಿಯಾಗುವವರೆಗೆ ಕಾಯಿಸಿ, ಚಮ್ಮಟಿಗೆಯಲ್ಲಿ ಬಡಿಸಿ ತುದಿ ಎಳೆಯುತ್ತಿದ್ದರು. ಕೆಂಪು ಕಂದುತ್ತಾ ಬಂದರೆ ಏಟು ನಿಲ್ಲಿಸಿ ಮತ್ತೆ ಕುಲುಮೆಗೆ. ಆರಿದ ಮೇಲೆ ಬಡಿದರೆ ಒಳಗೇ ಬಿರುಕು ಬೀಳುತ್ತದೆ. ಹಿಡಿಯ ಕಣ್ಣನ್ನು ಕೊರೆಯುವುದೂ ಇಲ್ಲ, ಕಾದ ಕಬ್ಬಿಣದಲ್ಲಿ ಸೀಳು ಮಾಡಿ ಮೊಳೆ ತೂರಿಸಿ ಅಗಲಿಸುತ್ತಿದ್ದರು. ಲೋಹದ ಎಳೆಗಳು ತುಂಡಾಗದೆ ತೂತಿನ ಸುತ್ತ ಬಳಸಿಕೊಂಡು ಹೋಗುತ್ತವೆ, ಹಲಗೆಯ ಗಂಟಿನ ಸುತ್ತ ಮರದ ಎಳೆ ಹೋಗುವ ಹಾಗೆ. ಕೊನೆಗೆ ತುದಿಯನ್ನಷ್ಟೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ಉಜ್ಜಿ, ಹಿಂದಿನ ಬಿಸಿ ತುದಿಗೆ ಇಳಿಯುವಾಗ ಹೊಂಬಣ್ಣ ದಾಟಿ ನೇರಳೆಗೆ ತಿರುಗುವ ಹೊತ್ತಿಗೆ ಮತ್ತೆ ಅದ್ದುವುದು. ಹೊಂಬಣ್ಣದಲ್ಲೇ ನಿಲ್ಲಿಸಿದರೆ ಗಡಸು ಹೆಚ್ಚಾಗಿ ಪಿಕ್ಕಾಸಿನ ಮೂತಿ ಸಿಡಿಯುತ್ತದೆ.

ಕಾರ್ಖಾನೆಯಲ್ಲಿ ನಾವು ಮಾಡುತ್ತಿದ್ದುದೂ ಇದನ್ನೇ, ದೊಡ್ಡದಾಗಿ. ಲಾರಿ ಎಂಜಿನ್ನಿನಲ್ಲಿ ತಿರುಗುವ, ಅಂಕುಡೊಂಕಾದ ಕ್ರ್ಯಾಂಕ್‌ಶಾಫ್ಟಿಗೆ ಉಕ್ಕಿನ ದಿಮ್ಮಿಯನ್ನು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮೇಲೊಂದು ಕೆಳಗೊಂದು ಡೈ (ಅಚ್ಚು) ಇಟ್ಟು ಒತ್ತುತ್ತಾರೆ. ಅಂಚಿನಲ್ಲಿ ಹೊರಚಾಚಿದ ಹೆಚ್ಚುವರಿ ಲೋಹವನ್ನು ಬಿಸಿ ಇರುವಾಗಲೇ ಕತ್ತರಿಸಿ ತೆಗೆಯುತ್ತಾರೆ. ದುಂಡು ಸರಳನ್ನು ಲೇತಿನಲ್ಲಿ ಕಡೆದೂ ಅದೇ ಆಕಾರ ತರಬಹುದು, ಆದರೆ ತಿರುವು ತಿರುವಿನಲ್ಲೂ ಎಳೆ ಕತ್ತರಿಸಿಹೋಗುತ್ತದೆ, ಮುರಿಯುವುದೂ ಅಲ್ಲೇ. ಎರಕವೆಲ್ಲ ಕೀಳು ಎಂದೂ ನಾನು ಹೇಳುತ್ತಿಲ್ಲ. ಬೆಂಗಳೂರಿನ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಯನ್ನು ಎರಕ ಹೊಯ್ಯುತ್ತಾರೆ, ಅದನ್ನು ಹೊರುವ ಆಕ್ಸಲನ್ನು ಮಾತ್ರ ಬಡಿದೇ ಮಾಡುತ್ತಾರೆ. ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುವ ಭಾಗ ಅದು.

ಈ ಕೆಲಸ ನಮ್ಮ ಕೇರಳಕ್ಕೆ ಹೊಸತೂ ಅಲ್ಲ. ತೃಶ್ಶೂರಿನ ಅತ್ತಾಣಿಯಲ್ಲಿ ಕೇರಳ ಸರಕಾರದ್ದೇ ಫೋರ್ಜಿಂಗ್ ಕಂಪೆನಿ ಇದೆ, ಇಸ್ರೋಗೆ ಬಿಡಿಭಾಗ ಕೊಡುತ್ತದೆ. ರಾಕೆಟಿಗೆ ಬೇಕಾದ್ದು ಬಡಿಯಬಲ್ಲ ರಾಜ್ಯದಲ್ಲಿ ಒಂದು ನೆಟ್ಟಗಿನ ಪಿಕ್ಕಾಸು ಸಿಗುವುದಿಲ್ಲ!

ಸಿಗದಿರುವುದು ಯಾಕೆಂದರೆ ಆಚಾರಿಯವರ ಎದುರು ನಿಂತು ಚಮ್ಮಟಿಗೆ ಹೊಡೆಯುವವರಿಲ್ಲ. ಮಕ್ಕಳು ಗಲ್ಫಿನಲ್ಲಿದ್ದಾರೆ, ಅದು ತಪ್ಪೂ ಅಲ್ಲ. ಒಬ್ಬರೇ ಕೈಸುತ್ತಿಗೆಯಲ್ಲಿ ಸ್ಪ್ರಿಂಗ್ ಪ್ಲೇಟು ಎಳೆಯಲು ಹೋದರೆ ದಿನಕ್ಕೆ ಒಂದು ಕತ್ತಿ ಆದೀತು. ಈ ತೊಂದರೆಗೆ ಪರಿಹಾರ ಸಿಕ್ಕಿಯೇ ಎಷ್ಟೋ ಕಾಲವಾಯಿತು. 1839ರಲ್ಲಿ ಇಂಗ್ಲೆಂಡಿನಲ್ಲಿ ‘ಗ್ರೇಟ್ ಬ್ರಿಟನ್’ ಹಡಗಿನ ಪಕ್ಕದ ಹುಟ್ಟುಗಾಲಿಗಳನ್ನು ತಿರುಗಿಸುವ ದೊಡ್ಡ ಶಾಫ್ಟನ್ನು ಬಡಿಯಬಲ್ಲ ಹ್ಯಾಮರೇ ಇಲ್ಲ ಎಂದಾದಾಗ ಎಂಜಿನಿಯರ್ ಜೇಮ್ಸ್ ನಾಸ್ಮಿತ್ ಉಗಿ ಹ್ಯಾಮರಿನ ಚಿತ್ರ ಬರೆದ. ಹಡಗಿನವರು ಆಮೇಲೆ ಮನಸ್ಸು ಬದಲಿಸಿ ಆ ಗಾಲಿಗಳ ಬದಲು ಪ್ರೊಪೆಲ್ಲರ್ ಹಾಕಿದ್ದರಿಂದ ಆ ಶಾಫ್ಟು ಬೇಕಾಗಲೇ ಇಲ್ಲ, ಹ್ಯಾಮರು ಮಾತ್ರ ಜಗತ್ತಿಗೆಲ್ಲ ಹೋಯಿತು.

ನಮಗೆ ಅಷ್ಟು ದೊಡ್ಡದು ಬೇಡ. 40-50 ಕಿಲೋ ತೂಕದ ಗುಂಡು ಇರುವ ಪವರ್ ಹ್ಯಾಮರ್ ಸಾಕು, ಅದಕ್ಕೆ ತೋಟದ ಪಂಪಿಗೆ ಹಾಕುವಂಥದೇ ಮೋಟಾರು. 1996ರಲ್ಲಿ ಕೇರಳದಲ್ಲಿ ಅಧಿಕಾರ ವಿಕೇಂದ್ರೀಕರಣದ ಜನಕೀಯ ಯೋಜನೆ ಬಂದ ಮೇಲೆ ಪಂಚಾಯತುಗಳ ಕೈಯಲ್ಲಿ ಯೋಜನಾ ನಿಧಿ ಇದೆ. ನಾಲ್ಕು ಪಂಚಾಯತು ಸೇರಿ ಒಂದು ಶೆಡ್ಡು ಕಟ್ಟಿ, ಹ್ಯಾಮರ್ ಕೂರಿಸಿ, ಉಳಿದಿರುವ ಆಚಾರಿಗಳಿಗೆ ಸರದಿಯಲ್ಲಿ ಬಿಟ್ಟುಕೊಡಲಿ. ಮನೆಗಳಿಂದ ದೂರ ಇರಲಿ, ಬುನಾದಿ ಆಳವಾಗಿರಲಿ, ಕಿವಿಗೆ ಮುಚ್ಚಳ ಕಡ್ಡಾಯವಾಗಲಿ. ನನ್ನ ಎಡಗಿವಿ ಪುಣೆಯಲ್ಲೇ ಜಮಾ ಆಗಿದೆ.

ಅಲ್ಲಿಯವರೆಗೆ ಪಿಕ್ಕಾಸು ಕೊಳ್ಳುವವರು ಜೇಬಿನಲ್ಲಿ ಒಂದು ಸಣ್ಣ ಅರ ಇಟ್ಟುಕೊಂಡು ಹೋಗಿ. ತುದಿಗೆ ಎಳೆದಾಗ ಜಾರಿದರೆ ತೆಗೆದುಕೊಳ್ಳಿ, ಸಲೀಸಾಗಿ ಕಚ್ಚಿ ಪುಡಿ ಉದುರಿಸಿದರೆ ವಾಪಸು ಇಡಿ. ಪಂಚಾಯತಿನವರು ಯಾರಾದರೂ ಮುಂದೆ ಬಂದರೆ ಬುನಾದಿಯ ಲೆಕ್ಕ, ಡೈ ಕೂರಿಸುವ ಕ್ರಮ ನಾನು ಬಂದು ಹೇಳಿಕೊಡುತ್ತೇನೆ. ಸಂಬಳ ಬೇಡ, ಶೆಡ್ಡನ್ನು ಬಸ್ಸು ಹೋಗುವ ಜಾಗದಲ್ಲಿ ಕಟ್ಟಿದರೆ ಸಾಕು.

ಇತಿ,
ನಿವೃತ್ತ ಫೋರ್ಜ್‌ಶಾಪ್ ಮೇಲ್ವಿಚಾರಕ,
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ