ಒಂದು ಪ್ಲಗ್ಗಿಗಾಗಿ ಇಡೀ ಕಂಪ್ಯೂಟರ್ ಗುಜರಿಗೆ ಹೋಗಬೇಕೆ?

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ಇಪ್ಪತ್ತು ವರ್ಷಗಳಿಂದ ಡಿಟಿಪಿ ಅಂಗಡಿ ನಡೆಸಿಕೊಂಡು ಬಂದಿದ್ದೇನೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಶಾಲೆಗಳ ಸ್ಮರಣ ಸಂಚಿಕೆ, ಆಗೊಮ್ಮೆ ಈಗೊಮ್ಮೆ ಊರಿನ ಕವಿಗಳ ಸಂಕಲನ, ಇವು ನನ್ನ ಕೆಲಸ. ಕಳೆದ ತಿಂಗಳು ಅಂಗಡಿಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು ಒಳಗಿನ ಭಾಗಗಳು ತಾಳುವ ಮಟ್ಟಕ್ಕೆ ಇಳಿಸಿಕೊಡುವ ತಗಡಿನ ಡಬ್ಬಿ, ಕೆಟ್ಟುಹೋಯಿತು. ಉಳಿದದ್ದೆಲ್ಲ ಸರಿಯಿದ್ದ ಯಂತ್ರ ಆ ಒಂದು ಡಬ್ಬಿಗಾಗಿ ಹನ್ನೊಂದು ದಿನ ಮೂಲೆಯಲ್ಲಿ ಕುಳಿತಿತು. ಡಬ್ಬಿ ದುಬಾರಿಯೆಂದು ಹೀಗಾದದ್ದಲ್ಲ. ಅದರ ಪ್ಲಗ್ಗು ಮಾರುಕಟ್ಟೆಯಲ್ಲಿ ಸಿಗುವ ಬೇರಾವುದಕ್ಕೂ ಹೊಂದುವಂತಿರಲಿಲ್ಲ.

ಹೊಸ ಕಂಪ್ಯೂಟರನ್ನೇ ಕೊಳ್ಳಬಾರದಿತ್ತೇ ಎಂದು ಕೇಳುವವರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನನ್ನ ಬಳಿಯಿರುವ ಹಳೆಯ ಪುಸ್ತಕಗಳೆಲ್ಲ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್ 7ರಲ್ಲಿವೆ. 2001ರಲ್ಲಿ ಬಂದ ಆ ಆವೃತ್ತಿಯೇ ಅದರ ಕೊನೆಯದು. ಅಕ್ಷರಗಳು ಈಗ ಎಲ್ಲೆಡೆ ಬಳಸುವ ಯುನಿಕೋಡ್ ಪದ್ಧತಿಗೆ ಮುಂಚಿನ ಫಾಂಟುಗಳಲ್ಲಿವೆ. ಆ ಫಾಂಟುಗಳ ತಂತ್ರಾಂಶ ಯುಎಸ್‌ಬಿ ಲಾಕ್ (ಕೀಲಿಯಂತೆ ಕೆಲಸ ಮಾಡುವ ಸಣ್ಣ ಕಡ್ಡಿ) ಸಿಕ್ಕಿಸಿದರೆ ಮಾತ್ರ ತೆರೆಯುತ್ತದೆ, ಆ ಲಾಕ್ ನನ್ನಲ್ಲಿ ವಿಂಡೋಸ್ 7ರ ನಂತರದ ಯಾವುದರಲ್ಲೂ ಓಡಿಲ್ಲ. ಹಳೆಯ ಫಾಂಟಿನ ಅಕ್ಷರಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ನಿಜ. ಆದರೆ ಇನ್ನೂರು ಪುಟದ ಪುಸ್ತಕವೊಂದನ್ನು ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಎಲ್ಲೆಲ್ಲಿ ತಪ್ಪಿವೆ ಎಂದು ಸಾಲು ಸಾಲಾಗಿ ಕರಡು ತಿದ್ದುವ ಖರ್ಚನ್ನು ಮರುಮುದ್ರಣಕ್ಕೆ ಬಂದ ಲೇಖಕರು ಕೊಡುವುದಿಲ್ಲ. ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿಯಲ್ಲಿಯೇ ನಿಂತದ್ದರಿಂದ ಆ ಯಂತ್ರಕ್ಕೆ ನಾನು ಇಂಟರ್ನೆಟ್ ಸಂಪರ್ಕವನ್ನೇ ಕೊಟ್ಟಿಲ್ಲ. ಅದು ಈಗ ಒಂದು ಹಳೆಯ ಅಚ್ಚಿನ ಯಂತ್ರವಿದ್ದ ಹಾಗೆ: ಒಂದೇ ಕೆಲಸ ಮಾಡುತ್ತದೆ, ಆ ಕೆಲಸವನ್ನು ಬೇರೆ ಯಾವುದೂ ಮಾಡುವುದಿಲ್ಲ.

ಅಂದು ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನ್ ತಿರುಗಲಿಲ್ಲ, ದೀಪ ಹತ್ತಲಿಲ್ಲ. ರಿಪೇರಿಯ ಹುಡುಗ ಬಂದು ಎಸ್‌ಎಂಪಿಎಸ್ ಬಿಚ್ಚಿ ತೋರಿಸಿದ. ಒಳಗೆ ವಿದ್ಯುತ್ತನ್ನು ಹಿಡಿದಿಡುವ ಬೆರಳುದ್ದದ ಕೆಪಾಸಿಟರುಗಳಲ್ಲಿ ಮೂರರ ನೆತ್ತಿ ಹುರಿಗಡಲೆಯಂತೆ ಉಬ್ಬಿತ್ತು, ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಒಣಗಿತ್ತು, ಪಕ್ಕದ ಬೋರ್ಡ್ ಕರಿ ಹಿಡಿದಿತ್ತು. (ಓದುಗರು ಇದನ್ನು ಮನೆಯಲ್ಲಿ ಮಾಡಬಾರದು. ವೈರ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.) ಹೊಸದು ಹಾಕಿದರಾಯಿತು ಎಂದು ಅವನು ತನ್ನ ಚೀಲದಿಂದ ಒಂದು ಎಸ್‌ಎಂಪಿಎಸ್ ತೆಗೆದ, ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿನ ಸಾಕೆಟ್ ನೋಡಿದ, ಮತ್ತೆ ಚೀಲಕ್ಕೇ ಹಾಕಿದ. ಅವನ ಪ್ಲಗ್ಗಿನಲ್ಲಿ 24 ಪಿನ್ನುಗಳು, ನನ್ನ ಬೋರ್ಡಿನಲ್ಲಿ ಎಂಟು. ಅವನದು 150 ಮಿಲಿಮೀಟರ್ ಅಗಲ, 86 ಮಿಲಿಮೀಟರ್ ಎತ್ತರ. ನನ್ನ ಸಪೂರ ಪೆಟ್ಟಿಗೆಯಲ್ಲಿ ಅಷ್ಟು ಜಾಗವೂ ಇರಲಿಲ್ಲ.

ಹುಡುಗನ ಡಬ್ಬಿಯ ಆ ಅಳತೆ, ಆ ಪ್ಲಗ್ಗು ಯಾರೋ ಒಬ್ಬರ ಸ್ವತ್ತಲ್ಲ. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಮಾನಕವನ್ನು ಎಲ್ಲರಿಗೂ ತೆರೆದಿಟ್ಟಿತು. ಆಗ 20 ಪಿನ್ನಿದ್ದ ಪ್ಲಗ್ಗು 2003ರಲ್ಲಿ 24ಕ್ಕೆ ಏರಿತು. ತಾಲ್ಲೂಕು ಕೇಂದ್ರಗಳಲ್ಲಿ ಅಂಗಡಿಯವರೇ ಜೋಡಿಸಿಕೊಡುವ ‘ಅಸೆಂಬಲ್ಡ್’ ಕಂಪ್ಯೂಟರುಗಳ ಎಸ್‌ಎಂಪಿಎಸ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಸರಿಹೋಗುವುದು ಈ ಮಾನಕದಿಂದಲೇ. ನನ್ನದೋ, ಹೆಸರಾಂತ ಕಂಪನಿಯೊಂದರದು; ಯಾವುದೋ ಕಚೇರಿ ವಿಲೇವಾರಿ ಮಾಡಿದ್ದನ್ನು 2017ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬ್ರ್ಯಾಂಡೆಡ್ ಮಾಲು ಗಟ್ಟಿ ಎಂಬ ನಂಬಿಕೆಯಿಂದ ಸಣ್ಣ ಅಂಗಡಿಗಳು, ಟ್ಯುಟೋರಿಯಲ್‌ಗಳು, ಸೈಬರ್ ಸೆಂಟರ್‌ಗಳು ಇಂಥವನ್ನೇ ಕೊಳ್ಳುತ್ತವೆ. ಗಟ್ಟಿಯೂ ಹೌದು. ಆದರೆ ಈ ಒಂದು ಭಾಗ ಹೋದ ದಿನ ಅಸೆಂಬಲ್ಡ್ ಯಂತ್ರದವನೇ ಜಾಣನೆನಿಸುತ್ತಾನೆ.

ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಯಂತ್ರದ ಸಂಖ್ಯೆ ಕೇಳಿದರು, ವಾರಂಟಿ ಮುಗಿದಿದೆ ಎಂದರು, ಬಿಡಿಭಾಗ ದಾಸ್ತಾನಿಲ್ಲ ಎಂದರು. ಪಿನ್ನುಗಳ ವಿವರವನ್ನಾದರೂ ಕೊಡಿ, ಇಲ್ಲಿಯೇ ಹೊಂದಿಸಿಕೊಳ್ಳುತ್ತೇವೆ ಎಂದು ಕೇಳಿದ್ದಕ್ಕೆ ಅದು ಗ್ರಾಹಕರಿಗೆ ಕೊಡುವ ಮಾಹಿತಿಯಲ್ಲ ಎಂಬ ಉತ್ತರ ಬಂತು. ನನ್ನ ದುಡ್ಡಿನ ಯಂತ್ರದಲ್ಲಿ ಯಾವ ತಂತಿಯಲ್ಲಿ ಎಷ್ಟು ವೋಲ್ಟ್ ಹರಿಯುತ್ತದೆ ಎಂಬುದು ನನಗೆ ಹೇಳಬಾರದ ಗುಟ್ಟು ಹೇಗಾಯಿತೋ ತಿಳಿಯದು.

ಕೊನೆಗೆ ಕೆಟ್ಟ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ರೈಲು ಹತ್ತಿ ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಗೆ ಹೋದೆ. ಮೊದಲ ಎರಡು ಅಂಗಡಿಗಳಲ್ಲಿ ಮದರ್‌ಬೋರ್ಡ್ ಸಮೇತ ಬದಲಾಯಿಸಿ ಎಂದರು. ಮೂರನೆಯ ಕಡೆ, ಮೆಟ್ಟಿಲ ಕೆಳಗಿನ ಗೂಡಿನಂಥ ಮಳಿಗೆಯ ಹಿರಿಯರು ನನ್ನ ಕಥೆಯನ್ನು ಅರ್ಧಕ್ಕೇ ತಡೆದು, “ಹಳೇದು ತಂದಿದ್ದೀರಾ ಸಾರ್? ತಂದಿದ್ರೆ ಇಲ್ಲಿಡಿ, ಮಾತು ಆಮೇಲೆ” ಎಂದರು. ಲೇಬಲ್ಲಿನ ಮೇಲಿದ್ದ ಪಾರ್ಟ್ ನಂಬರನ್ನು ಕನ್ನಡಕ ಏರಿಸಿ ಓದಿದರು, ಪಿನ್ ಎಣಿಸಿದರು, ಸ್ಕ್ರೂ ತೂತುಗಳ ಅಂತರ ನೋಡಿದರು. 24 ಪಿನ್ನಿನಿಂದ ಎಂಟಕ್ಕೆ ಇಳಿಸುವ ಕನ್ವರ್ಟರ್ ಕೇಬಲ್ ಇದೆ, ಆದರೆ ಅದನ್ನು ಕಣ್ಣು ಮುಚ್ಚಿ ಹಾಕಬೇಡಿ ಎಂದು ಎಚ್ಚರಿಸಿದವರೂ ಅವರೇ. ಸಾಮಾನ್ಯ ಎಟಿಎಕ್ಸ್‌ನಲ್ಲಿ ಯಂತ್ರ ಆಫ್ ಆಗಿದ್ದಾಗಲೂ ಹರಿಯುವ ಸ್ಟ್ಯಾಂಡ್‌ಬೈ 5 ವೋಲ್ಟ್ ಇದ್ದರೆ, ಇಂಥ ಕೆಲವು ಬೋರ್ಡುಗಳು ಅಲ್ಲಿ 12 ವೋಲ್ಟ್ ಕೇಳುತ್ತವೆ. ಪ್ಲಗ್ಗು ಕೂತ ಮಾತ್ರಕ್ಕೆ ವಿದ್ಯುತ್ ಹೊಂದಿತೆಂದಲ್ಲ. ಅದೇ ಮಾದರಿಯ ಸತ್ತ ಯಂತ್ರದಿಂದ ಬಿಚ್ಚಿದ ಒಂದು ಎಸ್‌ಎಂಪಿಎಸ್ಸನ್ನು ಅಟ್ಟದ ಮೇಲಿನ ಗೋಣಿಚೀಲದಿಂದ ತೆಗೆದು, ಮೀಟರ್ ಹಿಡಿದು ತೋರಿಸಿ ಕೊಟ್ಟರು. ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ. ಯಂತ್ರ ಈಗ ನಡೆಯುತ್ತಿದೆ.

ಹೊಸದೇ ಸಿಗುವವರೂ ಒಂದು ವಿಷಯ ಗಮನಿಸಬೇಕು. ಅಗ್ಗದ ಎಸ್‌ಎಂಪಿಎಸ್‌ಗಳ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ; ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್‌ನ ಎದುರು 14 ಆಂಪಿಯರ್ ಎಂದಿದ್ದರೆ, ಈಗಿನ ಬೋರ್ಡುಗಳು ಮುಖ್ಯವಾಗಿ ನೆಚ್ಚುವ ಆ ತಂತಿಯಲ್ಲಿ ಸಿಗುವುದು ಗುಣಿಸಿದರೆ 168 ವ್ಯಾಟ್ ಮಾತ್ರ. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಪರಿಶೀಲಿಸಬಹುದು.

ಸಪೂರ ಪೆಟ್ಟಿಗೆಗೆ ಸಪೂರ ಡಬ್ಬಿ ಬೇಕು, ಹಲವು ವೋಲ್ಟ್‌ಗಳ ಬದಲು ಒಂದೇ 12 ವೋಲ್ಟ್ ಕೊಟ್ಟರೆ ವಿದ್ಯುತ್ ಉಳಿಯುತ್ತದೆ ಎಂಬ ಕಂಪನಿಗಳ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಚಿಕ್ಕ ಡಬ್ಬಿಗಳಿಗೆ ಎಸ್‌ಎಫ್‌ಎಕ್ಸ್, ಟಿಎಫ್‌ಎಕ್ಸ್ ಎಂಬ ಮಾನಕಗಳು ಬಹಳ ಹಿಂದೆಯೇ ಇದ್ದವು. 12 ವೋಲ್ಟ್ ಮಾತ್ರ ಕೊಡುವ ಹತ್ತು ಪಿನ್ನಿನ ಎಟಿಎಕ್ಸ್12ವಿಒ ಮಾನಕವನ್ನೂ ಇಂಟೆಲ್ ಈಗ ಪ್ರಕಟಿಸಿದೆ. ಮೊಬೈಲ್ ಚಾರ್ಜರುಗಳ ವಿಷಯದಲ್ಲಿ ಐರೋಪ್ಯ ಒಕ್ಕೂಟ 2024ರ ಕೊನೆಯಿಂದ ಟೈಪ್‌-ಸಿ ಕಡ್ಡಾಯ ಮಾಡಿದಾಗ ಎಲ್ಲ ಕಂಪನಿಗಳೂ ಹೊಂದಿಕೊಂಡವಲ್ಲವೇ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆದಿದೆ. ಡೆಸ್ಕ್‌ಟಾಪ್ ತಯಾರಕರು ಪ್ರತಿ ಮಾದರಿಯ ಎಸ್‌ಎಂಪಿಎಸ್ ಅಳತೆ, ಪಿನ್ನುಗಳ ನಕ್ಷೆ ಮತ್ತು ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು ಅಲ್ಲಿ ಪ್ರಕಟಿಸುವಂತೆ ಇಲಾಖೆ ನಿಯಮ ಮಾಡಬೇಕು. ಅದೇ ನಕ್ಷೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಲು ಹೆಚ್ಚು ಖರ್ಚೂ ಇಲ್ಲ. ರಾಜ್ಯ ಸರ್ಕಾರಕ್ಕೆ ಇನ್ನೂ ಸುಲಭದ ದಾರಿಯಿದೆ. ಶಾಲೆ, ಗ್ರಂಥಾಲಯ, ಪಂಚಾಯಿತಿಗಳಿಗೆ ಕಂಪ್ಯೂಟರ್ ಕೊಳ್ಳುವ ಟೆಂಡರುಗಳಲ್ಲಿ ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕ್ ಎಷ್ಟು ಎಂದು ಬರೆಯುವ ಪಟ್ಟಿಗೆ, ಎಸ್‌ಎಂಪಿಎಸ್ ಬಹಿರಂಗ ಮಾನಕದ್ದೇ ಆಗಿರಬೇಕು ಎಂಬ ಒಂದು ಸಾಲನ್ನು ಸೇರಿಸಲಿ.

— ಡಿಟಿಪಿ ವೃತ್ತಿಯ ಓದುಗ, ತಿಪಟೂರು